ಕೊಬ್ಬರಿ ಮಾರುವ ಮೂರು ದಾರಿ: ಯಾವುದರಲ್ಲಿ ಎಷ್ಟು ನ್ಯಾಯ?

ಬೆಳೆಗಾರರಿಗೂ ಕೂಲಿಯವರಿಗೂ ನ್ಯಾಯ ಸಿಗಲಿ ಅಂತ ಇರುವ ಫೇರ್ ಟ್ರೇಡ್ ವ್ಯವಸ್ಥೆ ಅಂದರೆ ಬರೀ ಜಾಸ್ತಿ ಬೆಲೆ ಅಂತ ತುಂಬ ಜನ ತಿಳಿದಿದ್ದಾರೆ. ಕಾಫಿಯ ಲೆಕ್ಕ ನೋಡಿ. 2023ರ ಆಗಸ್ಟ್‌ನಲ್ಲಿ ವಾಶ್ಡ್ (ತೊಳೆದು ಸಂಸ್ಕರಿಸಿದ) ಅರೇಬಿಕಾಗೆ ಪೌಂಡಿಗೆ 1.80 ಡಾಲರ್ ಕನಿಷ್ಠ ಬೆಲೆ ಗೊತ್ತುಮಾಡಿದರು. ಮಾರುಕಟ್ಟೆ ಅದಕ್ಕಿಂತ ಮೇಲಿದ್ದರೆ ಮೇಲಿನದೇ ಕೊಡಬೇಕು. ಜೊತೆಗೆ ಪೌಂಡಿಗೆ 20 ಸೆಂಟ್ ಬೆಳೆಗಾರರ ಸಂಘಕ್ಕೆ ಬೇರೆಯಾಗಿ ಬರುತ್ತದೆ. ಅದರ ಖರ್ಚನ್ನು ಸದಸ್ಯರೇ ತೀರ್ಮಾನಿಸುತ್ತಾರೆ. ಕೂಲಿಯವರ ಸುರಕ್ಷತೆಗೂ ನಿಯಮ ಇದೆ. ನಮ್ಮ ತಿಪಟೂರು ಸೀಮೆಯಲ್ಲಿ ನಾನು ಮಾರಿ ನೋಡಿದ ಮೂರು ದಾರಿಗಳನ್ನು ಇದೇ ಅಳತೆಯಲ್ಲಿ ಅಳೆದರೆ ಹೇಗಿರುತ್ತದೆ?

ಊರಿಗೆ ಬರುವ ಕಾಯಿ ವ್ಯಾಪಾರಿಯದು ಸಲೀಸು. ತೋಟದಲ್ಲೇ ಎಣಿಕೆ, ಕೈಗೆ ದುಡ್ಡು. ಆದರೆ ಬೆಲೆ ಅವನದು, ಎಣಿಕೆಯೂ ಅವನದು. ಸಣ್ಣ ಕಾಯಿ ಎರಡಕ್ಕೆ ಒಂದು! ಮಗಳ ಫೀಸು ಕಟ್ಟುವ ಸಮಯದಲ್ಲಿ ಮಾತ್ರ ಇವನ ಸಹವಾಸ.

ಎಪಿಎಂಸಿ ಮಾರುಕಟ್ಟೆಯ ಟೆಂಡರ್‌ಗೆ ತಾಳ್ಮೆ ಬೇಕು. ಕಾಯಿ ಹತ್ತು ಹನ್ನೊಂದು ತಿಂಗಳು ಅಟ್ಟದಲ್ಲಿ ಒಣಗಿ ಉಂಡೆ ಕೊಬ್ಬರಿಯಾಗಬೇಕು. ಅಷ್ಟರಲ್ಲಿ ಕೆಲವು ಕೌಟು ಹಿಡಿದು ಹೋಗುತ್ತವೆ. ಆದರೂ ನಾಲ್ಕಾರು ವರ್ತಕರು ದರ ಬರೆಯುತ್ತಾರೆ, ದಿನದ ಬೆಲೆ ಎಲ್ಲರಿಗೂ ಗೊತ್ತಾಗುತ್ತದೆ. ಕೊರತೆ ಒಂದೇ, ಬೆಲೆ ಬಿದ್ದರೆ ಹಿಡಿಯಲು ತಳವೇ ಇಲ್ಲ. 2024ರ ಶುರುವಿನಲ್ಲಿ ಕ್ವಿಂಟಾಲ್ 10,000ಕ್ಕಿಂತ ಕೆಳಗಿತ್ತು. 2025ರ ನಡುವೆ 25,000 ದಾಟಿತು. ಇದನ್ನು ನೆಚ್ಚಿಕೊಂಡು ಮನೆ ಕಟ್ಟುವುದು ಹೇಗೆ ಹೇಳಿ?

ಆ ತಳ ಇರುವುದು ಬೆಂಬಲ ಬೆಲೆಯಲ್ಲಿ. 2024ರಲ್ಲಿ ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರದ ದರ ಕ್ವಿಂಟಾಲ್‌ಗೆ 12,000, ರಾಜ್ಯದಿಂದ ಮೇಲೆ 1,500. ಫೇರ್ ಟ್ರೇಡ್‌ನ ಕನಿಷ್ಠ ಬೆಲೆಗೆ ಹತ್ತಿರ ಬರುವುದು ಇದೊಂದೇ. ನೋಂದಣಿಗೆ ಸಾಲು ನಿಲ್ಲಬೇಕು, ಒಬ್ಬರಿಗೆ ಇಷ್ಟೇ ಕ್ವಿಂಟಾಲ್ ಅಂತ ಮಿತಿ ಬೇರೆ. ಮಿತಿ ಮೀರಿದ ಮಾಲು ಮತ್ತೆ ಟೆಂಡರ್‌ಗೇ. ಹಾಗಿದ್ದರೂ ಆ ವರ್ಷ ನಮ್ಮನ್ನು ಉಳಿಸಿದ್ದು ಇದೇ. ಮರುವರ್ಷ ದರ ಏರಿದಾಗ ಖರೀದಿ ಕೇಂದ್ರದ ಕಡೆ ಯಾರೂ ತಿರುಗಿ ನೋಡಲಿಲ್ಲ, ಅದು ಸಹಜ ತಾನೆ.

ಹಾಗಾಗಿ ನನ್ನ ಆಯ್ಕೆ ಟೆಂಡರ್. ದರ ಕುಸಿದ ವರ್ಷ ಬೆಂಬಲ ಬೆಲೆ.

ಇಷ್ಟೂ ರೈತನ ಮಾತಾಯಿತು. ಕೂಲಿಯ ವಿಚಾರಕ್ಕೆ ಬಂದರೆ ಮೂರೂ ದಾರಿ ಒಂದೇ. ಕೀಳುವವರಿಗೆ ಮರದ ಲೆಕ್ಕ, ಸುಲಿಯುವವರಿಗೆ ಸಾವಿರ ಕಾಯಿಯ ಲೆಕ್ಕ. ಕೊಬ್ಬರಿ ದರ ಎರಡು ಪಟ್ಟಾದಾಗ ಅವರ ಕೂಲಿ ಎರಡು ಪಟ್ಟಾಗಲಿಲ್ಲ. ಮರದಿಂದ ಬಿದ್ದರೆ ಆಸ್ಪತ್ರೆ ಖರ್ಚು ಅವರವರದೇ. ತೆಂಗು ಅಭಿವೃದ್ಧಿ ಮಂಡಳಿಯ ಕೇರ ಸುರಕ್ಷಾ ವಿಮೆ ಇದೆ, ನಮ್ಮ ತೋಟಕ್ಕೆ ಬರುವವರು ಅದರ ಹೆಸರೇ ಕೇಳಿರಲಿಲ್ಲ. ಕ್ವಿಂಟಾಲ್‌ಗೆ ನೂರು ರೂಪಾಯಿ ತೆಗೆದಿಟ್ಟು ಅವರಿಗೆ ವಿಮೆ ಮಾಡಿಸೋಣ ಅಂತ ನಮ್ಮ ರೈತರ ಗುಂಪಿನಲ್ಲಿ ಹೇಳಿದೆ. ಆಗ ದರ 25,000 ಇತ್ತು. ಯಾರೂ ಹೂಂ ಅನ್ನಲಿಲ್ಲ.