ಅಗ್ಗದ ಶೋಲ್ಡರ್ ರಿಗ್: ಫೋಕಸ್ ಚಕ್ರ ತಿರುಗಿಸಿ ನೋಡಿ ತಗೊಳ್ಳಿ

ಡಿಎಸ್‌ಎಲ್‌ಆರ್‌ನಲ್ಲಿ ಕೈಯಿಂದಲೇ ಫೋಕಸ್ ಮಾಡಿ ವಿಡಿಯೋ ತೆಗೆಯಲು ಈ ಶೋಲ್ಡರ್ ರಿಗ್, ಅಂದರೆ ಕ್ಯಾಮೆರಾವನ್ನು ಹೆಗಲ ಮೇಲೆ ಹೊರುವ ಚೌಕಟ್ಟು, ತಗೊಂಡೆ. ರಾಡುಗಳು ಗಟ್ಟಿಯಾಗಿವೆ. 15 ಎಂಎಂ ದಪ್ಪ, ಒಂದರ ಮಧ್ಯದಿಂದ ಇನ್ನೊಂದರ ಮಧ್ಯಕ್ಕೆ 60 ಎಂಎಂ ಅಂತರ, ಹಾಗಾಗಿ ಬೇರೆ ಕಂಪನಿಯ ಬಿಡಿಭಾಗಗಳೂ ಕೂರುತ್ತವೆ.

ಬೇಸರ ಆಗಿದ್ದು ಫಾಲೋ ಫೋಕಸ್‌ನಲ್ಲಿ, ಅಂದರೆ ಲೆನ್ಸಿನ ಫೋಕಸ್ ರಿಂಗನ್ನು ಗೇರ್ ಮೂಲಕ ತಿರುಗಿಸುವ ಚಕ್ರದಲ್ಲಿ. ಚಕ್ರವನ್ನು ಹಿಂದಕ್ಕೆ ತಿರುಗಿಸಿದರೆ ಮೊದಲು ಸ್ವಲ್ಪ ಸುಮ್ನೆ ತಿರುಗುತ್ತದೆ, ಲೆನ್ಸ್ ಅಲುಗುವುದೇ ಇಲ್ಲ, ಆಮೇಲೆ ಥಟ್ಟನೆ ಹಿಡಿಯುತ್ತದೆ, ಅಷ್ಟರಲ್ಲಿ ಚಿತ್ರದಲ್ಲಿರುವವರ ಕಣ್ಣು ಮಸುಕಾಗಿ ಕಿವಿ ಮಾತ್ರ ಸ್ಪಷ್ಟವಾಗಿರುತ್ತದೆ. 50 ಎಂಎಂ ಲೆನ್ಸನ್ನು ಎಫ್ 1.8ಕ್ಕೆ ಇಟ್ಟರಂತೂ, ಅಂದರೆ ದ್ವಾರ ಅಗಲವಾಗಿ ತೆರೆದರೆ, ಸ್ಪಷ್ಟವಾಗಿ ಕಾಣುವ ಆಳ ತೀರಾ ಕಡಿಮೆ, ಹಾಗಾಗಿ ಈ ತೊಂದರೆ ಇನ್ನೂ ಜಾಸ್ತಿ. ಫೋಕಸ್ಸೇ ಕೈಕೊಟ್ಟರೆ ರಿಗ್ ಯಾಕೆ ಬೇಕು, ಅಲ್ವಾ?

ಇನ್ನೊಂದು ಮಾತು: ಎಷ್ಟೋ ಆಟೋಫೋಕಸ್ ಲೆನ್ಸ್‌ಗಳ ರಿಂಗ್ ಕೊನೆ ಮುಟ್ಟಿದರೂ ಸುತ್ತುತ್ತಲೇ ಇರುತ್ತದೆ, ಚಕ್ರದ ಮೇಲೆ ಹಾಕಿದ ಗುರುತೆಲ್ಲ ತಪ್ಪಿಹೋಗುತ್ತದೆ. ಹಳೆಯ ಮ್ಯಾನುವಲ್ ಲೆನ್ಸ್ ಹಾಕಿದ ಮೇಲೆ ನನಗೆ ಆ ಕಾಟ ತಪ್ಪಿತು. ರಿಗ್‌ನ ಹಿಂಭಾಗಕ್ಕೆ ತೂಕ ಕಟ್ಟಿಕೊಳ್ಳಿ, ಇಲ್ಲದಿದ್ದರೆ ಭಾರವೆಲ್ಲ ಮಣಿಕಟ್ಟಿಗೇ.