70 ಮೀಟರ್ ದೂರಕ್ಕೆ ಸೀರಿಯಲ್ ವೈರ್ ಎಳೆದು ಕೊಡುತ್ತೇವೆ ಎನ್ನುವವರನ್ನು ನಂಬಬೇಡಿ

ಕಲಬುರಗಿ ಕಡೆ ದಾಲ್ ಮಿಲ್ಲಿಗೋ ಗೋದಾಮಿಗೋ ವೇಬ್ರಿಡ್ಜ್ (ವಾಹನ ಸಮೇತ ತೂಗುವ ಕಾಟಾ) ಹಾಕಿಸಿ, ಅದರ ತೂಕವನ್ನು ನೇರವಾಗಿ ಕಂಪ್ಯೂಟರಿಗೆ ತರಿಸಿಕೊಳ್ಳಲು ಹೊರಟಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನನ್ನ ಹಣ ಹೋಯಿತು, ಅದು ಇರಲಿ. ನನ್ನದೇ ಅಂಗಳದಲ್ಲಿ, ಸಾಲಾಗಿ ನಿಂತಿದ್ದ ರೈತರ ಎದುರಿಗೆ, ತೂಕದಲ್ಲಿ ಕದಿಯುವವನು ಎಂಬ ಮಾತು ಕೇಳಬೇಕಾಯಿತು. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ.

ನಮ್ಮ ಮಿಲ್ಲು ಕಪನೂರ ಕೈಗಾರಿಕಾ ಪ್ರದೇಶದಲ್ಲಿದೆ. ಕಾಟಾದ ತೂಕ ತೋರಿಸುವ ಪೆಟ್ಟಿಗೆ, ಅಂದರೆ ಇಂಡಿಕೇಟರ್, ಗೇಟಿನ ಬಳಿಯ ಕೋಣೆಯಲ್ಲಿದೆ, ಬಿಲ್ಲು ಬರೆಯುವ ಆಫೀಸು ಅಲ್ಲಿಂದ 70 ಮೀಟರ್ ದೂರದಲ್ಲಿದೆ. ತೊಗರಿಯ ಆವಕ ಶುರುವಾದರೆ ಒಬ್ಬ ಹುಡುಗ ತೂಕವನ್ನು ಕಾಗದದಲ್ಲಿ ಬರೆದುಕೊಂಡು ಓಡಾಡುವುದೇ ಕೆಲಸವಾಗುತ್ತಿತ್ತು. ಅದಕ್ಕಾಗಿ ನಗರದ ಒಂದು ಅಂಗಡಿಯವರನ್ನು ಕರೆಸಿದೆ. ಟೇಪು ಹಿಡಿದು ಅಳೆದು ತೋರಿಸಿ, 70 ಮೀಟರ್ ಎಂದು ನಾನೇ ಹೇಳಿದೆ. ಇದನ್ನು ಒತ್ತಿ ಹೇಳುತ್ತಿದ್ದೇನೆ, ಏಕೆಂದರೆ ಆಮೇಲೆ ಅವರು ದೂರದ ವಿಷಯ ತಮಗೆ ಗೊತ್ತೇ ಇರಲಿಲ್ಲ ಎಂದರು. ಅಂದು ಅವರು ಕೊಟ್ಟ ಉತ್ತರ ಹೀಗಿತ್ತು: "ಏನೂ ಆಗಂಗಿಲ್ರೀ, ನಾವು ಎಲ್ಲಾ ಕಡೆ ಹಿಂಗೇ ಹಾಕೀವಿ."

ಇಂಡಿಕೇಟರಿನ ಆರ್‌ಎಸ್-232 ಪೋರ್ಟಿನಿಂದ (ಅಂಕಿಗಳನ್ನು ತಂತಿಯಲ್ಲಿ ಒಂದರ ಹಿಂದೆ ಒಂದರಂತೆ ಕಳಿಸುವ ಹಳೆಯ ಸೀರಿಯಲ್ ಜೋಡಣೆ) ಒಂದು ವೈರ್ ಎಳೆದು, ಆಫೀಸಿನಲ್ಲಿ ಯುಎಸ್‌ಬಿ ಕನ್ವರ್ಟರ್ (ಆ ವೈರನ್ನು ಕಂಪ್ಯೂಟರಿಗೆ ಹೊಂದಿಸುವ ಸಾಧನ) ಚುಚ್ಚಿ, ಸಾಫ್ಟ್‌ವೇರ್ ಹಾಕಿ, ಎಲ್ಲ ಸೇರಿ 14,500 ರೂಪಾಯಿ ಎಂದರು. 10,500 ಅಂದೇ ಕೊಟ್ಟೆ. ಗುಂಡಿ ಒತ್ತಿದರೆ ತೂಕ ಪರದೆಯ ಮೇಲೆ ಬಂತು. ನಾನು ನಂಬಿದೆ.

ಮೂರನೆಯ ದಿನ ಕಂಪ್ಯೂಟರ್ ತಾನೇ ಅಪ್‌ಡೇಟ್ ಆಗಿ ಮತ್ತೆ ಶುರುವಾದಾಗ ತೂಕ ಬರುವುದು ನಿಂತಿತು. ಕಂಪ್ಯೂಟರಿಗೆ ಜೋಡಿಸಿದ ಸಾಧನಗಳ ಪಟ್ಟಿ ತೋರಿಸುವ ಡಿವೈಸ್ ಮ್ಯಾನೇಜರ್ ತೆರೆದು ನೋಡಿದೆ. ಕನ್ವರ್ಟರಿನ ಹೆಸರು ಇರಬೇಕಾದ ಜಾಗದಲ್ಲಿ, ಪಿಎಲ್2303ಎಚ್‌ಎಕ್ಸ್‌ಎ ಎಂಬ ಅದರೊಳಗಿನ ಚಿಪ್ಪಿನ ತಯಾರಿಕೆ 2012ರಿಂದಲೇ ನಿಂತುಹೋಗಿದೆ, ನಿಮಗೆ ಮಾರಿದವರನ್ನು ಸಂಪರ್ಕಿಸಿ ಎಂದು ಇಂಗ್ಲಿಷಿನಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆದಿತ್ತು. ಹೊಸ ಮಾಲು ಎಂದು ಬಿಲ್ಲಿನಲ್ಲಿ 1,200 ರೂಪಾಯಿ ಹಚ್ಚಿದ ವಸ್ತುವಿನ ಮೇಲೆ ಈ ಮಾತು! ಅದು ಹೇಳಿದಂತೆಯೇ ಮಾರಿದವರನ್ನು ಸಂಪರ್ಕಿಸಿದೆ. "ಹೊಸ ವಿಂಡೋಸ್‌ನಾಗ ಹಂಗೇ ತೋರಸ್ತದರೀ, ಅದನ್ನ ನೋಡಬ್ಯಾಡ್ರಿ" ಎಂದರು. ಒಬ್ಬ ಹುಡುಗ ಬಂದು ಕನ್ವರ್ಟರನ್ನು ನಡೆಸುವ ಸಾಫ್ಟ್‌ವೇರ್, ಯಾವುದೋ ಹಳೆಯ ಡ್ರೈವರ್, ಹಾಕಿ ಹೋದ. ತೂಕ ಮತ್ತೆ ಬರತೊಡಗಿತು, ನಾನು ಸುಮ್ಮನಾದೆ. ಸುಮ್ಮನಾದದ್ದು ನನ್ನ ತಪ್ಪು.

ಅದಾಗಿ ಎಂಟು ದಿನಕ್ಕೆ ಆಳಂದ ಕಡೆಯ ರೈತರೊಬ್ಬರು ಟ್ರ್ಯಾಕ್ಟರಿನಲ್ಲಿ ತೊಗರಿ ತಂದರು. ತೂಕವಾಯಿತು, ಚೀಟಿ ಕೊಟ್ಟೆ. ಅವರು ಚೀಟಿ ಹಿಡಿದುಕೊಂಡು ಗೇಟಿನವರೆಗೆ ಹೋಗಿ, ಕಾಟಾದ ಹೊರಗಿನ ಕೆಂಪಂಕಿಯ ಬೋರ್ಡನ್ನು ಮತ್ತೊಮ್ಮೆ ನೋಡಿ ತಿರುಗಿ ಬಂದರು. "ಸಾವ್ಕಾರ್ರೇ, ಹೊರಗ 6,840 ಅದ, ನಿಮ್ಮ ಚೀಟಿನಾಗ 6,040 ಅದ. ನಮ್ಮ ಎಂಟು ಕ್ವಿಂಟಲ್ ಎಲ್ಲಿ ಹೋಯ್ತು?" ಎಂದು ಎಲ್ಲರಿಗೂ ಕೇಳುವಂತೆ ಕೇಳಿದರು. 2024-25ರಲ್ಲಿ ತೊಗರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 7,550 ರೂಪಾಯಿ ಇತ್ತು. ಎಂಟು ಕ್ವಿಂಟಲ್ ಎಂದರೆ 60,400 ರೂಪಾಯಿ. ಸಾಲಿನಲ್ಲಿದ್ದ ಉಳಿದವರೂ ತಮ್ಮ ತಮ್ಮ ಚೀಟಿ ತೆಗೆದು ನೋಡತೊಡಗಿದರು. ನಾನು ಏನು ಹೇಳಿದರೂ ಕಳ್ಳನ ಮಾತಿನಂತೆಯೇ ಕೇಳುತ್ತಿತ್ತು. ಆ ಚೀಟಿ ಹರಿದು, ಕೈಯಲ್ಲಿಯೇ ಇನ್ನೊಂದು ಬರೆದು ಕೊಟ್ಟೆ. ಅವರು ಅದನ್ನು ಎರಡು ಸಲ ಓದಿ, ಮಾತಾಡದೆ ಹೋದರು.

ಅಂಗಡಿಯವರಿಗೆ ಫೋನು ಮಾಡಿದರೆ ಎರಡನೆಯ ಉತ್ತರ ಸಿದ್ಧವಾಗಿತ್ತು: "ನಿಮ್ಮ ಕಂಪ್ಯೂಟರ್‌ನಾಗ ವೈರಸ್ ಅದರೀ."

ನನ್ನ ಅಕ್ಕನ ಮಗ ಸೇಡಂ ಕಡೆಯ ಸಿಮೆಂಟ್ ಕಾರ್ಖಾನೆಯೊಂದರಲ್ಲಿ ಇನ್‌ಸ್ಟ್ರುಮೆಂಟೇಶನ್ ಕೆಲಸ ಮಾಡುತ್ತಾನೆ. ಭಾನುವಾರ ಅವನನ್ನು ಕರೆಸಿದೆ. ಅವನು ಮೊದಲು ತನ್ನ ಲ್ಯಾಪ್‌ಟಾಪನ್ನು ಇಂಡಿಕೇಟರಿನ ಪಕ್ಕದಲ್ಲಿಯೇ ಎರಡು ಮೀಟರ್ ವೈರಿನಿಂದ ಜೋಡಿಸಿ, ಬರುವ ಅಂಕಿಗಳನ್ನು ಹಾಗೆಯೇ ತೋರಿಸುವ ಟರ್ಮಿನಲ್ ತೆರೆದ. ಒಂದೂ ತಪ್ಪಿಲ್ಲ. ಆಮೇಲೆ ಅದೇ ಲ್ಯಾಪ್‌ಟಾಪನ್ನು ತನ್ನದೇ ಕನ್ವರ್ಟರಿನೊಂದಿಗೆ ಆಫೀಸಿನ ತುದಿಗೆ ತಂದು, ಕಾಳು ಬೇರ್ಪಡಿಸುವ ಗ್ರೇಡರಿನ ಮೋಟಾರ್ ಚಾಲು ಮಾಡಿಸಿದ. ಮೋಟಾರ್ ಏಳುವ ಆ ಕ್ಷಣದಲ್ಲಿ ಸಾಲುಗಳ ನಡುವೆ ಪ್ರಶ್ನಾರ್ಥಕ ಚಿಹ್ನೆಗಳು, ಅರ್ಧ ಅಂಕಿಗಳು ಸುರಿದವು. 8 ಇರಬೇಕಾದ ಕಡೆ 0 ಬಂದದ್ದನ್ನು ನಾನೇ ಕಣ್ಣಾರೆ ಕಂಡೆ.

ಅವನು ಚೀಟಿಯ ಹಿಂಬದಿಯಲ್ಲಿ ಬರೆದು ತೋರಿಸಿದ. 8 ಎಂಬ ಅಂಕಿ ವೈರಿನಲ್ಲಿ 00111000 ಆಗಿ ಹೋಗುತ್ತದೆ, 0 ಎಂಬುದು 00110000 ಆಗಿ. ನಡುವಿನ ಒಂದೇ ಒಂದು ಬಿಟ್ (0 ಅಥವಾ 1) ಕೆಟ್ಟರೆ ಸಾಕು, 6,840 ಹೋಗಿ 6,040 ಆಗುತ್ತದೆ. 9600 ಬಾಡ್‌ನಲ್ಲಿ (ಸೆಕೆಂಡಿಗೆ 9600 ಬಿಟ್ ವೇಗ) ಒಂದು ಬಿಟ್ ಇರುವುದು ಸುಮಾರು 104 ಮೈಕ್ರೋಸೆಕೆಂಡ್ ಮಾತ್ರ. ಪ್ಯಾರಿಟಿ (ತಪ್ಪು ಹಿಡಿಯಲು ಸೇರಿಸುವ ಒಂದು ಹೆಚ್ಚುವರಿ ಬಿಟ್) ಹಾಕಿದ್ದರೆ ಇಂಥ ಒಂದು ಬಿಟ್‌ನ ತಪ್ಪು ಸಿಕ್ಕಿಬೀಳುತ್ತಿತ್ತು, ಹಾಕಿರಲಿಲ್ಲ. ಸಾಫ್ಟ್‌ವೇರ್ ನಾಲ್ಕೈದು ಸಲ ಓದಿ ಹೋಲಿಸಿದ್ದರೂ ಸಿಕ್ಕಿಬೀಳುತ್ತಿತ್ತು. ಅದು ಗುಂಡಿ ಒತ್ತಿದಾಗ ಬಂದ ಒಂದೇ ಅಂಕಿಯನ್ನು ಹಿಡಿದು ಮುದ್ರಿಸುತ್ತಿತ್ತು. ಆರ್‌ಎಸ್-232ಗೆ ಬಹಳ ಕಾಲದಿಂದ ಹೇಳಿಕೊಂಡು ಬಂದ ಮಿತಿಯೇ ಸುಮಾರು 15 ಮೀಟರ್. ಒಳ್ಳೆಯ ವೈರ್ ಇದ್ದರೆ, ವೇಗ ಕಡಿಮೆ ಇದ್ದರೆ ಇನ್ನೂ ದೂರ ಹೋಗುತ್ತದೆ ಎಂದು ಅವನೂ ಒಪ್ಪಿದ. ಆದರೆ ನಮ್ಮ ವೈರನ್ನು ಮೂರು ಫೇಸಿನ ಮೋಟಾರ್ ಕೇಬಲ್ಲಿಗೆ ಅಂಟಿಸಿ, ಅದೇ ಪೈಪಿನಲ್ಲಿ, ನಡುವೆ ಎರಡು ಕಡೆ ಹೊಸೆದು ಟೇಪು ಸುತ್ತಿ ಎಳೆದಿದ್ದರು. ಆರ್‌ಎಸ್-232 ವೋಲ್ಟೇಜನ್ನು ಗ್ರೌಂಡ್ ತಂತಿಗೆ ಹೋಲಿಸಿ ಓದುತ್ತದೆ. ಎರಡು ಕಟ್ಟಡಗಳ ಅರ್ತಿಂಗ್ ಒಂದೇ ಮಟ್ಟದಲ್ಲಿ ಇರದಿದ್ದರೆ ಆ ಓದೇ ಅಲುಗಾಡುತ್ತದೆ. ಆರ್‌ಎಸ್-485 ಎಂಬ ಇನ್ನೊಂದು ಬಗೆಯ ಜೋಡಣೆ ಆಗಿದ್ದರೆ ಜೋಡಿ ತಂತಿಗಳ ನಡುವಿನ ವ್ಯತ್ಯಾಸವನ್ನು ಓದುತ್ತದೆ, 1,200 ಮೀಟರ್‌ವರೆಗೂ ಒಯ್ಯಬಹುದು. ಇದೆಲ್ಲ ಆ ಅಂಗಡಿಯವರಿಗೆ ಗೊತ್ತಿಲ್ಲದ್ದೇನಲ್ಲ, ಇದೇ ಅವರ ದಿನನಿತ್ಯದ ಕಸುಬು.

ಕನ್ವರ್ಟರನ್ನು ಬಿಚ್ಚಿ ನೋಡಿ ಅವನು ಹೇಳಿದ್ದಿಷ್ಟು: ಇದು ಒಂದೋ 2012ಕ್ಕಿಂತ ಮೊದಲಿನ ಹಳೇ ಮಾಲು, ಇಲ್ಲವೇ ಅದರ ನಕಲು. ಇಂಥ ನಕಲಿ ಚಿಪ್‌ಗಳ ಕಾಟ ಎಷ್ಟಿತ್ತೆಂದರೆ, 2014ರಲ್ಲಿ ಎಫ್‌ಟಿಡಿಐ ಎಂಬ ಇನ್ನೊಂದು ಚಿಪ್ ಕಂಪನಿಯ ಡ್ರೈವರ್ ನಕಲಿಗಳ ಗುರುತಿನ ಸಂಖ್ಯೆಯನ್ನೇ ಸೊನ್ನೆ ಮಾಡಿ ನಿಲ್ಲಿಸಿಬಿಟ್ಟಿತ್ತಂತೆ.

ಕಾನೂನು ಮಾಪನ ಇಲಾಖೆಯ ಮುದ್ರೆ ನಮ್ಮ ಕಾಟಾಕ್ಕೆ ಸರಿಯಾಗಿಯೇ ಇತ್ತು, ಕಾಟಾ ತೂಗಿದ್ದೂ ಸರಿಯೇ. ತಪ್ಪಾದದ್ದು ವೈರಿನಲ್ಲಿ, ಹೆಸರು ಕೆಟ್ಟದ್ದು ನನ್ನದು.

ಬಿಲ್ಲು, ಕನ್ವರ್ಟರ್, ಹೊಸೆದ ವೈರಿನ ತುಂಡು ಎಲ್ಲವನ್ನೂ ಒಯ್ದು ಅಂಗಡಿಯ ಮೇಜಿನ ಮೇಲೆ ಇಟ್ಟೆ. ಮೂರನೆಯ ಉತ್ತರ ಬಂತು: "ನೀವು ಕಡಿಮಿ ರೇಟಿನಾಗ ಕೇಳಿದ್ರಿ, ಹಂಗಾಗಿ ಹಂಗ ಹಾಕೀವಿ." ನಾನು ದರದ ಬಗ್ಗೆ ಒಂದು ಮಾತೂ ಆಡಿರಲಿಲ್ಲ. ಅವರು ಹೇಳಿದ ದರಕ್ಕೇ ಒಪ್ಪಿದ್ದೆ. ದೂರ 70 ಮೀಟರ್ ಎಂದು ನೆನಪಿಸಿದರೆ, "ಅದು ನಮಗ ಗೊತ್ತಿದ್ದಿಲ್ಲ" ಎಂದರು. ಟೇಪಿನ ಇನ್ನೊಂದು ತುದಿ ಹಿಡಿದವರು ಅವರೇ! ಉಳಿದ 4,000ಕ್ಕೆ ಈಗಲೂ ಫೋನು ಮಾಡುತ್ತಾರೆ. ನಾನು ಕೊಡುವುದಿಲ್ಲ.

ಈಗ ಇಂಡಿಕೇಟರಿನ ಪಕ್ಕದಲ್ಲಿಯೇ ಸೀರಿಯಲ್‌ನಿಂದ ಈಥರ್ನೆಟ್‌ಗೆ ಬದಲಿಸುವ ಪೆಟ್ಟಿಗೆ ಇಟ್ಟು, ಮೋಟಾರ್ ಕೇಬಲ್ಲಿನಿಂದ ದೂರದಲ್ಲಿ ಬೇರೆ ಪೈಪಿನಲ್ಲಿ ಜೋಡಣೆಯಿಲ್ಲದ ನೆಟ್‌ವರ್ಕ್ ಕೇಬಲ್ ಎಳೆಸಿದ್ದೇನೆ. ಈಥರ್ನೆಟ್ 100 ಮೀಟರ್‌ವರೆಗೆ ನಡೆಯುತ್ತದೆ. ದಾರಿಯಲ್ಲಿ ಕೆಟ್ಟ ಫ್ರೇಮನ್ನು (ಮಾಹಿತಿಯ ಕಂತನ್ನು) ಅದು ಎಸೆದುಬಿಡುತ್ತದೆ, ಟಿಸಿಪಿ ಎಂಬ ಸಂವಹನ ವ್ಯವಸ್ಥೆ ಅದನ್ನು ಮತ್ತೆ ಕಳಿಸುತ್ತದೆ. ನೀವು ಹಾಕಿಸುವಾಗ ದೂರವನ್ನು ಬಿಲ್ಲಿನಲ್ಲಿಯೇ ಬರೆಸಿ, ಮಿಲ್ಲಿನ ಮೋಟಾರುಗಳನ್ನೆಲ್ಲ ಚಾಲು ಮಾಡಿಸಿ ಪರೀಕ್ಷೆ ನೋಡಿ, ಆಮೇಲೆ ದುಡ್ಡು ಕೊಡಿ. ಕಂಪ್ಯೂಟರಿನ ಮೇಲೆ ವೈರಸ್ಸಿನ ತಪ್ಪು ಹೊರಿಸಿದ ಕ್ಷಣವೇ ಅವರನ್ನು ಹೊರಗೆ ಕಳಿಸಿ.

ನನ್ನ ಕೆಲಸ ಇನ್ನೂ ಮುಗಿದಿಲ್ಲ. ಆ ಹನ್ನೊಂದು ದಿನಗಳ ಚೀಟಿಗಳನ್ನು ಗೋದಾಮಿನ ಚೀಲದ ಲೆಕ್ಕದೊಂದಿಗೆ ಒಂದೊಂದಾಗಿ ಹೋಲಿಸಿದೆ. ಇನ್ನೂ ಮೂರು ಚೀಟಿಗಳಲ್ಲಿ ತೂಕ ಕಡಿಮೆ ಬಿದ್ದಿತ್ತು. ಇಬ್ಬರ ಮನೆಗೆ ನಾನೇ ಹೋಗಿ ವ್ಯತ್ಯಾಸದ ಹಣ ಕೊಟ್ಟು ಬಂದೆ. ಮೂರನೆಯ ಚೀಟಿಯಲ್ಲಿ ಟ್ರ್ಯಾಕ್ಟರಿನ ನಂಬರ್ ಮಾತ್ರ ಇದೆ, ಹೆಸರಿಲ್ಲ. ಅವರನ್ನು ಇನ್ನೂ ಹುಡುಕುತ್ತಿದ್ದೇನೆ.