ಜಲ ಏಳುವ ಜಾಗಕ್ಕೆ ಯಾವ ಸೆಪ್ಟಿಕ್ ಟ್ಯಾಂಕ್: ಪ್ಲಾಸ್ಟಿಕ್, ಸಿಮೆಂಟ್ ಬಳೆ, ಇಟ್ಟಿಗೆ ತೊಟ್ಟಿ

ಮೂಡಿಗೆರೆ ತಾಲ್ಲೂಕಿನ ನಮ್ಮ ಕಾಫಿ ತೋಟದಲ್ಲಿ ಹೋಂಸ್ಟೇಯ ಎರಡು ಕೋಣೆಗಳಿಗೂ ಕೆಲಸದವರ ಲೈನ್ ಮನೆಗೂ ಬೇರೆ ಬೇರೆ ಕಾಲದಲ್ಲಿ ಮೂರು ಬಗೆಯ ಶೌಚ ತೊಟ್ಟಿಗಳನ್ನು ಹಾಕಿಸಿದ್ದೇನೆ. ಮೂರನ್ನೂ ಮಳೆಗಾಲದಲ್ಲಿ ನೋಡಿದ ಮೇಲೆ, ಗಾರೆಯವರಿಂದ ಕಟ್ಟಿಸಿದ ಎರಡು ಖಾನೆಯ ಇಟ್ಟಿಗೆ ತೊಟ್ಟಿಯೇ, ಮಳೆಗಾಲದಲ್ಲಿ ಜಲ ಏಳುವ, ಅಂದರೆ ಅಂತರ್ಜಲ ನೆಲದ ಮಟ್ಟಕ್ಕೆ ಹತ್ತಿರ ಏರಿ ಬರುವ ನಮ್ಮಂಥ ಜಾಗಕ್ಕೆ ಸರಿ ಎಂಬ ತೀರ್ಮಾನಕ್ಕೆ ಬಂದಿದ್ದೇನೆ. ಈ ತೀರ್ಮಾನಕ್ಕೆ ಮುಖ್ಯ ಕಾರಣ ಪ್ಲಾಸ್ಟಿಕ್ ಟ್ಯಾಂಕಿನಿಂದ ನಾನು ಪಟ್ಟ ಪಾಡಾದ್ದರಿಂದ ಅದನ್ನೇ ಮೊದಲು ವಿವರಿಸುತ್ತೇನೆ.

ಮೊದಲ ಕೋಣೆ ಸಿದ್ಧವಾದಾಗ ಏಪ್ರಿಲ್ ಮುಗಿಯುತ್ತ ಬಂದಿತ್ತು. ಮೇ ರಜೆಯ ಅತಿಥಿಗಳು ಬರುವುದರೊಳಗೆ ಕೆಲಸ ಆಗಬೇಕಿತ್ತು, ಗಾರೆಯವರು ಸಿಗುತ್ತಿರಲಿಲ್ಲ. ಹಾಗಾಗಿ 2,000 ಲೀಟರಿನ ರೆಡಿಮೇಡ್ ಪ್ಲಾಸ್ಟಿಕ್ ಟ್ಯಾಂಕ್ ತಂದು, ಒಂದೇ ದಿನದಲ್ಲಿ ಗುಂಡಿ ತೋಡಿಸಿ, ಮರಳು ಹಾಸಿ, ಇಳಿಸಿ, 4 ಇಂಚಿನ ಪಿವಿಸಿ ಪೈಪು ಜೋಡಿಸಿ ಮಣ್ಣು ಮುಚ್ಚಿಸಿದೆ. ಎರಡು ಮಳೆಗಾಲ ಯಾವ ತೊಂದರೆಯೂ ಕಾಣಲಿಲ್ಲ. ಮೂರನೆಯ ವರ್ಷ, ಮಳೆ ಹಿಡಿಯುವ ಮೊದಲು ಶುಚಿ ಮಾಡಿಸಿಬಿಡೋಣ ಎಂದು ಜೂನ್ ಮೊದಲ ವಾರದಲ್ಲಿ ಸಕ್ಕಿಂಗ್ ಗಾಡಿ ಕರೆಸಿ ಟ್ಯಾಂಕನ್ನು ತಳದವರೆಗೆ ಖಾಲಿ ಮಾಡಿಸಿದೆ. ಮಳೆಗಾಲದಲ್ಲಿ ಅತಿಥಿಗಳು ಕಡಿಮೆ. ಟ್ಯಾಂಕ್ ಮತ್ತೆ ತುಂಬಲಿಲ್ಲ.

ಜುಲೈ ಕೊನೆಯಲ್ಲಿ ಕಮೋಡಿನ ನೀರು ಇಳಿಯುವುದು ನಿಂತಿತು. ಪೈಪು ಕಟ್ಟಿಕೊಂಡಿದೆ ಎಂದು ಪ್ಲಂಬರ್ ಎರಡು ದಿನ ಸರಳು ತೂರಿಸಿದರು, ಚೇಂಬರಿನ ಮುಚ್ಚಳ ತೆಗೆದು ನೀರು ಹೊಡೆದರು; ಏನೂ ಸಿಕ್ಕಲಿಲ್ಲ. ಮೂರನೆಯ ದಿನ ಹಿತ್ತಲಿಗೆ ಹೋದಾಗ ಟ್ಯಾಂಕಿನ ಮೇಲಿನ ನೆಲ ಹುತ್ತದಂತೆ ಉಬ್ಬಿ, ಸುತ್ತಲೂ ಬಳೆಯಂತೆ ಬಿರುಕು ಬಿಟ್ಟಿದ್ದು ಕಂಡಿತು. ಟ್ಯಾಂಕೇ ಮುಕ್ಕಾಲು ಅಡಿ ಮೇಲೆದ್ದಿತ್ತು. ಅದರ ಬಾಯಿಗೆ ಸೇರಿಸಿದ್ದ ಪೈಪಿನ ಇಳಿಜಾರು ತಿರುಗುಮುರುಗಾಗಿ, ಹೊರಹೋಗುವ ಕಡೆಯ ಜಾಯಿಂಟು ಬಿಟ್ಟುಕೊಂಡಿತ್ತು.

ಮಲೆನಾಡಿನಲ್ಲಿ ಆಷಾಢದ ಮಳೆ ಜಡಿದ ಮೇಲೆ ಜಲ ಏಳುತ್ತದೆ. ಬೇಸಿಗೆಯಲ್ಲಿ ಹಾರೆ ಹಾಕಿದರೂ ಒಣಗಿರುವ ನೆಲದಲ್ಲಿ ಎರಡು ಅಡಿಗೇ ನೀರು ಕಾಣಿಸಿಕೊಳ್ಳುತ್ತದೆ. ಅದು ಇನ್ನೂ ಮೇಲೇರಿದಾಗ, ಅದರಲ್ಲಿ ಪೂರ್ತಿ ಮುಳುಗಿದ 2,000 ಲೀಟರಿನ ಖಾಲಿ ಟ್ಯಾಂಕನ್ನು ನೀರು ಸುಮಾರು 2,000 ಕಿಲೋ ಬಲದಿಂದ ಮೇಲಕ್ಕೆ ನೂಕುತ್ತದೆ. ಟ್ಯಾಂಕಿನ ತೂಕವೋ ಇಬ್ಬರು ಆಳು ಹೊತ್ತು ತಂದಷ್ಟು. ಮೇಲೆ ಮುಚ್ಚಿದ ಒಂದಡಿ ಮಣ್ಣು ತಡೆಯುತ್ತದೆ ಎಂದುಕೊಂಡರೆ, ನೀರಿನಲ್ಲಿ ಮುಳುಗಿದ ಮಣ್ಣಿನ ಭಾರವೂ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಮೊದಲ ಎರಡು ವರ್ಷ ಅದು ಕದಲದೆ ಕೂತಿದ್ದು ಒಳಗೆ ತುಂಬಿದ್ದ ನೀರಿನ ಭಾರದಿಂದ. ಆ ಭಾರವನ್ನು ಮಳೆಗಾಲದ ಹೊಸ್ತಿಲಲ್ಲಿ ನಾನೇ ಹೊರಗೆ ತೆಗೆಸಿದ್ದೆ.

ಜಲ ಇಳಿಯುವವರೆಗೆ ಅಗೆಯುವಂತಿರಲಿಲ್ಲವಾದ್ದರಿಂದ ಡಿಸೆಂಬರಿನವರೆಗೆ ಆ ಕೋಣೆಗೆ ಬೀಗ ಹಾಕಬೇಕಾಯಿತು. ಆಮೇಲೆ ಟ್ಯಾಂಕ್ ಎತ್ತಿ, ತಳಕ್ಕೆ ಆರಿಂಚು ದಪ್ಪದ ಕಾಂಕ್ರೀಟ್ ಹಾಕಿಸಿ, ಅದರಲ್ಲಿ ಹೂತ ಕಬ್ಬಿಣದ ಕೊಂಡಿಗಳಿಗೆ ಟ್ಯಾಂಕನ್ನು ಪಟ್ಟಿಗಳಿಂದ ಬಿಗಿದು, ಗೋಡೆ ಒಳಕ್ಕೆ ಬಾಗದಂತೆ ಒಳಗೆ ಒಂದಡಿ ನೀರು ಬಿಟ್ಟು ಹೊರಗೆ ಒಂದಡಿ ಮಣ್ಣು ತುಂಬುತ್ತ ಬಂದು, ಕೊನೆಗೆ ಮೇಲೊಂದು ಸ್ಲ್ಯಾಬ್ ಹಾಕಿಸಿದೆ. ಟ್ಯಾಂಕಿಗೆ ಕೊಟ್ಟಿದ್ದು 22,000 ರೂಪಾಯಿ, ಈ ರಿಪೇರಿಗೆ 26,000. ಈಗ ಅದು ಭದ್ರವಾಗಿ ಕೂತಿದೆ. ಆದರೆ ಇಷ್ಟು ಕಾಂಕ್ರೀಟ್ ಹಾಕಿಸುವುದಾದರೆ ಪ್ಲಾಸ್ಟಿಕ್ಕಿನಿಂದ ಉಳಿಯುವ ಹಣವೂ ಇಲ್ಲ, ಸಮಯವೂ ಇಲ್ಲ. ಕಡೂರು, ಅರಸೀಕೆರೆಯ ಕಡೆ ಅಂತರ್ಜಲ ಬಹಳ ಆಳದಲ್ಲಿರುವ ಒಣ ನೆಲದವರು ಈ ಟ್ಯಾಂಕನ್ನು ಧೈರ್ಯವಾಗಿ ಹಾಕಿಸಬಹುದು.

ಲೈನ್ ಮನೆಗೆ ಹಾಕಿಸಿದ್ದು ಸಿಮೆಂಟ್ ಬಳೆಗಳ ಜೋಡಿ ಗುಂಡಿ. ಒಂದು ತುಂಬಿದಾಗ ಚೇಂಬರಿನಲ್ಲಿ ದಾರಿ ಬದಲಿಸಿ ಇನ್ನೊಂದಕ್ಕೆ ತಿರುಗಿಸುತ್ತೇವೆ, ಮೊದಲನೆಯದು ಎರಡು ವರ್ಷ ಹಾಗೇ ಇದ್ದು ಗೊಬ್ಬರವಾಗುತ್ತದೆ. 16,000 ರೂಪಾಯಿಗೆ ಇದಕ್ಕಿಂತ ಒಳ್ಳೆಯದು ಸಿಗುವುದಿಲ್ಲ, ಸಕ್ಕಿಂಗ್ ಗಾಡಿಯ ಹಂಗೂ ಇಲ್ಲ. ನಮ್ಮ ಲೈನ್ ಮನೆ ದಿಬ್ಬದ ಮೇಲಿರುವುದರಿಂದ ಇದು ನಡೆಯುತ್ತಿದೆ. ಇದು ನೀರನ್ನು ನೆಲಕ್ಕೆ ಇಂಗಿಸುವ ಗುಂಡಿಯಾದ್ದರಿಂದ, ಜಲ ಏಳುವ ತಗ್ಗಿನಲ್ಲಿ ಹಾಕಿದರೆ ಹೊರಗಿನ ನೀರೇ ಒಳಗೆ ಬಂದು ಹೊಲಸು ಅಂತರ್ಜಲಕ್ಕೆ ಬೆರೆಯುತ್ತದೆ. ಹತ್ತಿರದಲ್ಲಿ ಕುಡಿಯುವ ನೀರಿನ ಬಾವಿ ಇದ್ದವರು ಇದರ ಯೋಚನೆಯನ್ನೇ ಬಿಡಬೇಕು.

ರೈಲು ಬೋಗಿಗಳಲ್ಲಿರುವ, ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಓದ ಗ್ವಾಲಿಯರ್ ಪ್ರಯೋಗಾಲಯದಲ್ಲಿ ರೂಪುಗೊಂಡ, ಸೂಕ್ಷ್ಮಜೀವಿಗಳಿಂದ ಕೊಳೆ ಕರಗಿಸುವ ಬಯೋ ಡೈಜೆಸ್ಟರ್ ಬಗೆಯನ್ನೂ ಕೆಲವರು ಸೂಚಿಸಿದರು. ನಾನು ಬಳಸಿಲ್ಲವಾದ್ದರಿಂದ ಅದನ್ನು ಈ ಹೋಲಿಕೆಗೆ ಸೇರಿಸುವುದಿಲ್ಲ.

ಎರಡನೆಯ ಕೋಣೆಗೆ ಕಟ್ಟಿಸಿದ ಇಟ್ಟಿಗೆ ತೊಟ್ಟಿಯ ಒಳ ಅಳತೆ ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲ. ಒಂಬತ್ತಿಂಚಿನ ಗೋಡೆ, ಒಳಗೂ ಹೊರಗೂ ಪ್ಲಾಸ್ಟರ್, ಕೆಳಗೆ ಕಾಂಕ್ರೀಟ್ ತಳ, ಮೇಲೆ ಸ್ಲ್ಯಾಬ್. ಎಲ್ಲ ಸೇರಿ ಆರು ಟನ್ನಿಗೂ ಮಿಕ್ಕಿದ ಭಾರವಾದ್ದರಿಂದ ಪೂರ್ತಿ ಖಾಲಿಯಾಗಿದ್ದು ಸುತ್ತ ನೀರು ನಿಂತರೂ ಮೇಲೇಳುವುದಿಲ್ಲ. ಕಸ ತಳಕ್ಕೆ ಕೂರಲಿ, ಕೆನೆಯಂತೆ ತೇಲುವುದು ಒಳಗೇ ಉಳಿಯಲಿ ಎಂದು ಒಳಬರುವ ಮತ್ತು ಹೊರಹೋಗುವ ಎರಡೂ ಪೈಪುಗಳಿಗೆ ‘ಟೀ’ (T ಆಕಾರದ ಪೈಪು ಜೋಡಣೆ) ಹಾಕಿಸಿ, ಹೊರಹೋಗುವುದನ್ನು ಎರಡಿಂಚು ತಗ್ಗಿನಲ್ಲಿ ಇಡಿಸಿದೆ. ಗಾಳಿ ಪೈಪನ್ನು ಸೂರಿಗಿಂತ ಎತ್ತರಕ್ಕೆ ಒಯ್ದು ಸೊಳ್ಳೆ ಪರದೆ ಕಟ್ಟಿಸಿದ್ದೇನೆ. ಖರ್ಚು 64,000 ರೂಪಾಯಿ, ಕ್ಯೂರಿಂಗ್ ಸೇರಿ ಮೂರು ವಾರದ ಕೆಲಸ.

ಇದರಲ್ಲಿಯೂ ಒಂದು ಕೊರತೆ ಉಳಿಯಿತು. ತೊಟ್ಟಿಯಿಂದ ಹೊರಬಂದ ನೀರು ಸೇರುವ ಇಂಗುಗುಂಡಿ, ಜಲ ಎದ್ದ ಮೇಲೆ ಏನನ್ನೂ ಕುಡಿಯುವುದಿಲ್ಲ. ಮೊದಲ ಮಳೆಗಾಲದಲ್ಲೇ ಇದು ಗೊತ್ತಾಗಿ, ಆಳದ ಗುಂಡಿಯನ್ನು ಕೈಬಿಟ್ಟು, ಬಾವಿಗಿಂತ ಕೆಳಗಿನ ಇಳಿಜಾರಿನಲ್ಲಿ ಎರಡಡಿಯೂ ಆಳವಿಲ್ಲದ ಉದ್ದನೆಯ ಕಾಲುವೆ ತೆಗೆಸಿ, ಜಲ್ಲಿ ತುಂಬಿ, ಬದಿಗೆ ಬಾಳೆ ಹಾಕಿದೆ. ಈಗ ನೀರು ಮೇಲುಮಣ್ಣಿನಲ್ಲೇ ಹರಡಿ ಇಳಿಯುತ್ತದೆ.

ತೊಟ್ಟಿ ಯಾವುದೇ ಇರಲಿ, ಮುಚ್ಚಳ ಮಾತ್ರ ಸಕ್ಕಿಂಗ್ ಗಾಡಿಯ ಪೈಪು ಮುಟ್ಟುವ ಕಡೆ ಇರಬೇಕು. ಮನುಷ್ಯರನ್ನು ಒಳಗಿಳಿಸುವುದು ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆಯ ಪ್ರಕಾರ ಅಪರಾಧ, ಒಳಗಿನ ವಿಷಗಾಳಿಗೆ ಜೀವಗಳೂ ಹೋಗುತ್ತವೆ. ಇನ್ನು ಆಸಿಡ್, ಬ್ಲೀಚಿಂಗ್ ಪುಡಿಯನ್ನು ಧಾರಾಳವಾಗಿ ಸುರಿದರೆ ಕೊಳೆ ಕರಗಿಸುವ ಸೂಕ್ಷ್ಮಜೀವಿಗಳು ಸತ್ತು ಮೂರೂ ಬಗೆಗಳು ಒಂದೇ ರೀತಿ ಕೆಡುತ್ತವೆ. ನಮ್ಮಲ್ಲಿ ಈಗ ಸೋಪಿನ ನೀರು ಮತ್ತು ಬ್ರಷ್ ಮಾತ್ರ.

ವರ್ಷಕ್ಕೊಮ್ಮೆ ಬರುವ ಕಾಫಿ ದುಡ್ಡಿನಲ್ಲಿ ಒಮ್ಮೆಗೇ ದೊಡ್ಡ ಕೆಲಸ ಮುಗಿಸುವುದು ನನಗೆ ಅನುಕೂಲ, ಮಳೆಗಾಲದಲ್ಲಿ ಮತ್ತೆ ಅಗೆಸುವುದು ಆಗದ ಮಾತು. ಹೀಗಾಗಿ ಮೂರನೆಯ ಕೋಣೆಗೂ ಇಟ್ಟಿಗೆ ತೊಟ್ಟಿಯನ್ನೇ ಕಟ್ಟಿಸುತ್ತೇನೆ. ಕಳೆದ ಜುಲೈನಲ್ಲಿ ಹಿತ್ತಲಿನ ನಾಲ್ಕು ಕಡೆ ಗುಳಿ ತೆಗೆದು, ನೀರು ಎಲ್ಲಿಯವರೆಗೆ ಏರಿತೆಂದು ಗೂಟಗಳಿಗೆ ಸುಣ್ಣದ ಗುರುತು ಹಾಕಿಟ್ಟಿದ್ದೇನೆ. ಫೆಬ್ರವರಿಯಲ್ಲಿ ಗಾರೆಯವರು ಬಂದಾಗ ಒಣ ನೆಲವನ್ನು ನೋಡಿ ಜಾಗ ಗೊತ್ತುಮಾಡದೆ, ಆ ಗುರುತುಗಳಂತೆ ನೀರು ಅತಿ ಕಡಿಮೆ ಏರಿದ ಗೂಟದ ಪಕ್ಕದಲ್ಲಿ ಪಾಯ ತೋಡಿಸುತ್ತೇನೆ.